ಅರ್ಧ ಉಸಿರು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಬಿರುಕಮ್ಮ ಎಂದು ಕರೆಯುತ್ತಿದ್ದರು. ಹಳೆಯ ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ಇಂಜಿನಿಯರೊಬ್ಬರ ಆಫೀಸು ಅದು. ಗೋಡೆ, ತೊಲೆ, ಕಂಬಗಳಲ್ಲಿ ಬಿಟ್ಟ ಬಿರುಕುಗಳ ಫೋಟೋ ತೆಗೆದು ತರುವುದು ಅವಳ ಕೆಲಸ. ಮೊದಮೊದಲು ಆ ಹೆಸರು ಕೇಳಿದರೆ ಅವಳ ಮುಖ ಕೆಂಪಾಗುತ್ತಿತ್ತು. ಆಮೇಲೆ ಫೋನಿನಲ್ಲಿ ತಾನೇ "ನಾನು, ಬಿರುಕಮ್ಮ ಮಾತಾಡ್ತಿರೋದು" ಎನ್ನುವಷ್ಟು ಒಗ್ಗಿಹೋಯಿತು.

ಹೆಸರಿಗಿಂತ ಹೆಚ್ಚು ನಗೆಗೀಡಾಗಿದ್ದದ್ದು ಅವಳ ಪುಕ್ಕಲುತನ. ಹಲ್ಲಿ ಕಂಡರೆ ಕುರ್ಚಿ ಹತ್ತುವವಳು, ಲಿಫ್ಟಿಗೆ ಹೆದರಿ ಆರು ಮಹಡಿ ಮೆಟ್ಟಿಲು ತುಳಿಯುವವಳು, ನಾಯಿ ಬೊಗಳಿದರೆ ಕ್ಯಾಮರಾ ಚೀಲವನ್ನೇ ಗುರಾಣಿ ಮಾಡಿಕೊಳ್ಳುವವಳು. ವಯಸ್ಸು ನಲವತ್ತೆರಡು. "ಇಂಥವಳು ಬೀಳೋ ಕಟ್ಟಡಗಳ ಹಿಂದೆ ಯಾಕೆ ಬಿದ್ದಿದಾಳೋ" ಎಂದು ಗಂಡ ಕಿಚಾಯಿಸುತ್ತಿದ್ದ. ಅದಕ್ಕೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು: "ಮನುಷ್ಯರು ಅಲುಗಾಡ್ತಾರೆ, ಕಣ್ಣು ಮುಚ್ತಾರೆ, ಆಮೇಲೆ ದಪ್ಪ ಕಾಣ್ತೀನಿ ಅಂತ ಜಗಳಕ್ಕೆ ಬರ್ತಾರೆ. ಗೋಡೆಗೆ ನಗು ಅಂತ ಹೇಳಬೇಕಾಗಿಲ್ಲ."

ಫೋಟೋ ತೆಗೆಯುವುದನ್ನು ಅವಳಿಗೆ ಕಲಿಸಿದ್ದು ಸೋದರಮಾವ. ಬಸ್ ನಿಲ್ದಾಣದ ಎದುರು ಎರಡು ಕೋಣೆಯ ಸ್ಟುಡಿಯೋ ಇಟ್ಟುಕೊಂಡಿದ್ದ ಮನುಷ್ಯ. ಕ್ಯಾಮರಾದ ಮೂರುಕಾಲಿನ ಸ್ಟ್ಯಾಂಡು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ದೇವರು ಎರಡು ಕಾಲು ಕೊಟ್ಟಿದಾನೆ, ಮೂರನೇದು ನಿನ್ನ ಉಸಿರು" ಎನ್ನುತ್ತಿದ್ದ. ಹದಿನೈದರ ಹುಡುಗಿಯನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ, ಕ್ಯಾಮರಾದ ನೆತ್ತಿಯ ಮೇಲೊಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಗುಂಡಿ ಒತ್ತು ಎನ್ನುತ್ತಿದ್ದ. ನಾಣ್ಯ ಬೀಳುತ್ತಿತ್ತು. ಮತ್ತೆ ಇಡುತ್ತಿದ್ದ. ಕಾಲು ಭುಜದಷ್ಟು ಅಗಲ. ಮೊಣಕೈ ಪಕ್ಕೆಗೆ ಅಂಟಿಕೊಂಡಿರಬೇಕು. ಎಡಗೈ ಮಸೂರದ ಅಡಿಯಲ್ಲಿ, ಮೊಟ್ಟೆ ಹಿಡಿದ ಹಾಗೆ. ಉಸಿರು ತುಂಬಿಕೊಂಡು ಹಿಡಿಯಬೇಡ, ಎದೆಬಡಿತ ಕೈಗೆ ಇಳಿಯುತ್ತದೆ. ಪೂರ್ತಿ ಬಿಡಲೂಬೇಡ, ಮೈ ಕುಸಿಯುತ್ತದೆ. ಅರ್ಧ ಬಿಡು, ಅಲ್ಲೇ ನಿಲ್ಲು, ಗುಂಡಿಯನ್ನು ಒತ್ತಬೇಡ, ಹಿಂಡು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಾಣ್ಯ ಬೀಳುವುದು ನಿಂತಿತ್ತು.

ಆ ಹೊಲಿಗೆ ಕಾರ್ಖಾನೆಯ ವಿಷಯ ಅವಳ ಕಿವಿಗೆ ಬಿದ್ದದ್ದು ನಾದಿನಿಯಿಂದ. ಗಂಡನ ತಂಗಿ ಅಲ್ಲಿ ಎಂಟು ವರ್ಷದಿಂದ ಕಾಲರ್ ಕೂರಿಸುವ ಕೆಲಸ ಮಾಡುತ್ತಿದ್ದಳು. ನೆಲಮಾಳಿಗೆಯೂ ಸೇರಿ ಐದು ಅಂತಸ್ತಿನ ಕಟ್ಟಡ. ನೆಲದ ಮಟ್ಟದಲ್ಲಿ ಬಟ್ಟೆ ಕತ್ತರಿಸುವ ಯಂತ್ರ ಮತ್ತು ಇಸ್ತ್ರಿ, ಮೇಲಿನೆರಡು ಮಹಡಿಗಳಲ್ಲಿ ಹೊಲಿಗೆ, ಅದರ ಮೇಲೆ ಗೋದಾಮು. ಕೆಳಗೆ ನೆಲಮಾಳಿಗೆಯಲ್ಲಿ ನೀರಿನ ಟ್ಯಾಂಕು.

"ಅತ್ತಿಗೆ, ನಮ್ಮಲ್ಲಿ ಬಚ್ಚಲ ಬಾಗಿಲು ಮುಚ್ತಾನೇ ಇಲ್ಲ," ಎಂದಿದ್ದಳು ನಾದಿನಿ ಒಂದು ಭಾನುವಾರ, ಬಟ್ಟೆ ಮಡಚುತ್ತಾ. "ಹೋದ ತಿಂಗಳು ಸರಿಯಾಗಿತ್ತು. ಈಗ ಒಬ್ಬರು ಒಳಗೆ ಹೋದ್ರೆ ಇನ್ನೊಬ್ಬರು ಹೊರಗಡೆ ಹಿಡಕೊಂಡು ನಿಂತಿರಬೇಕು."

"ಮರ ಉಬ್ಬಿರಬೇಕು."

"ಅದು ತಗಡಿನ ಬಾಗಿಲು."

ಬಿರುಕಮ್ಮ ಮಡಚುತ್ತಿದ್ದ ಟವೆಲನ್ನು ಹಾಗೇ ಹಿಡಿದು ಕೂತಳು. ಬಾಗಿಲು ಬದಲಾಗಿಲ್ಲ ಅಂದರೆ ಚೌಕಟ್ಟು ಸೊಟ್ಟಗಾಗಿದೆ. ಚೌಕಟ್ಟು ಸೊಟ್ಟಗಾಗಿದೆ ಅಂದರೆ ಅದರ ಕೆಳಗಿನದೇನೋ ಇಳಿದಿದೆ. "ಗೋದಾಮಿಗೆ ಹೊಸದಾಗಿ ಏನಾದ್ರೂ ತಂದು ಹಾಕಿದಾರಾ?" ಎಂದು ಕೇಳಿದಳು. ನಾದಿನಿ ಹೌದೆಂದಳು. ಬಿಗಿದು ಕಟ್ಟಿದ ಬಟ್ಟೆಯ ಬೇಲುಗಳು, ಸೂರು ಮುಟ್ಟುವಷ್ಟು.

ಇಂಜಿನಿಯರಿಗೆ ಹೇಳಿದಳು. ಅವರು ಕಟ್ಟಡದ ಮಾಲೀಕನ ಜೊತೆ ಮಾತಾಡಿ, ಕಾಡಿ ಬೇಡಿ, ಒಂದು ಪರೀಕ್ಷೆಗೆ ಒಪ್ಪಿಗೆ ಪಡೆದರು. ಮೊದಲ ಸೋಮವಾರ ಇಬ್ಬರೂ ಹೋದರು. ನೆಲಮಾಳಿಗೆಯ ಮೂಲೆಯ ಕಂಬದಲ್ಲಿ ಸೊಂಟದೆತ್ತರದಿಂದ ಬುಡದವರೆಗೆ ಓರೆಯಾಗಿ ಇಳಿದ ಒಂದು ಬಿರುಕಿತ್ತು. ಪಾರದರ್ಶಕ ಪ್ಲಾಸ್ಟಿಕ್ಕಿನ ಅಳತೆಪಟ್ಟಿಯನ್ನು ಪಕ್ಕದಲ್ಲಿ ಅಂಟಿಸಿ ಅವಳು ಫೋಟೋ ತೆಗೆದಳು. ಪಟ್ಟಿಯ ಮೇಲೆ ಕೂದಲೆಳೆಯಿಂದ ಹಿಡಿದು ಬೆಂಕಿಕಡ್ಡಿಯವರೆಗೆ ಬೇರೆ ಬೇರೆ ದಪ್ಪದ ಗೆರೆಗಳಿರುತ್ತವೆ. ಬಿರುಕು ಯಾವ ಗೆರೆಗೆ ಸಮ ಎಂದು ನೋಡಿದರೆ ಅಗಲ ಗೊತ್ತಾಗುತ್ತದೆ. ಅಂದು ಅರ್ಧ ಮಿಲಿಮೀಟರಿಗಿಂತ ಒಂಚೂರು ಹೆಚ್ಚು. "ಇದು ಹಳೇದೂ ಇರಬಹುದು, ಹೊಸದೂ ಇರಬಹುದು. ಒಂದು ವಾರ ಬಿಟ್ಟು ಮತ್ತೆ ತೆಗೆದ್ರೆ ಬೆಳೀತಿದೆಯಾ ಇಲ್ವಾ ತಿಳಿಯುತ್ತೆ," ಎಂದರು ಇಂಜಿನಿಯರು.

ಎರಡನೆಯ ಸೋಮವಾರ ಇಂಜಿನಿಯರು ಬೇರೆ ಊರಿನ ಸೇತುವೆಯೊಂದರ ಮೇಲಿದ್ದರು. ಅವಳು ಒಬ್ಬಳೇ ಹೋದಳು.

ಬೆಳಿಗ್ಗೆ ಹತ್ತು ಗಂಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ನೆಲಮಾಳಿಗೆಯ ಮೆಟ್ಟಿಲ ಕೊನೆಯಲ್ಲಿ ಒಂದೇ ಒಂದು ಮಂಕು ಬಲ್ಬು. ತಲೆಯ ಮೇಲೆ ಹೊಲಿಗೆ ಯಂತ್ರಗಳ ಸದ್ದು ಜೇನುಗೂಡಿನಂತೆ ಒಂದೇ ಸಮ ಗುಂಯ್‌ಗುಟ್ಟುತ್ತಿತ್ತು. ಮೂಲೆಯ ಕಂಬಕ್ಕೂ ಟ್ಯಾಂಕಿಗೂ ನಡುವೆ ಇದ್ದದ್ದು ಒಬ್ಬರು ಅಡ್ಡಡ್ಡ ತೂರುವಷ್ಟು ಸಂದು. ಸ್ಟ್ಯಾಂಡು ಬಿಚ್ಚಿದರೆ ಅದರ ಕಾಲು ನಿಲ್ಲುವ ಜಾಗವಿಲ್ಲ. ಫ್ಲಾಶ್ ಹಾಕಿದರೆ ಪ್ಲಾಸ್ಟಿಕ್ ಪಟ್ಟಿ ಕನ್ನಡಿಯಂತೆ ಹೊಳೆದು ಗೆರೆಗಳೇ ಮಾಯ. ಹೀಗಾಗಿ ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಕ್ಯಾಮರಾ.

ಬಿರುಕು ಕಂಡ ಕೂಡಲೇ ಅವಳಿಗೆ ಅನ್ನಿಸಿತು, ಇದು ಹೋದವಾರದ ಬಿರುಕಲ್ಲ. ಆದರೆ ಅನ್ನಿಸುವುದಕ್ಕೂ ಅಳೆಯುವುದಕ್ಕೂ ವ್ಯತ್ಯಾಸವಿದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಟ್ಟಿ ಅಂಟಿಸಿ, ಕ್ಯಾಮರಾ ಎತ್ತಿದಳು.

ಟಕ್.

ಬೆರಳ ನೆಟಿಗೆ ಮುರಿದಂಥ ಸಣ್ಣ ಸದ್ದು. ಅದು ಮೇಲಿನಿಂದ ಬಂದದ್ದಲ್ಲ. ಕಂಬದ ಒಳಗಿನಿಂದ ಬಂದದ್ದು. ಅವಳ ಮುಂಗೈ ಮೇಲೆ ಏನೋ ಉದುರಿತು. ಟಾರ್ಚು ತಿರುಗಿಸಿ ನೋಡಿದರೆ ಬೂದುಬಣ್ಣದ ಪುಡಿ. ನಾಲ್ಕೈದು ಸಲ ಗುಂಡಿ ಒತ್ತಿದ್ದು ನೆನಪಿದೆ. ಆಮೇಲೆ ಹೇಗೆ ಸಂದಿಯಿಂದ ತೂರಿದಳೋ, ಮೆಟ್ಟಿಲು ಹೇಗೆ ಹತ್ತಿದಳೋ, ಒಂದೂ ನೆನಪಿಲ್ಲ. ಬೀದಿಯ ಬಿಸಿಲಿನಲ್ಲಿ ನಿಂತಾಗ ಮೊಣಕಾಲ ಚಿಪ್ಪು ತರಚಿ ರಕ್ತ ಜಿನುಗುತ್ತಿತ್ತು.

ಫೋಟೋಗಳನ್ನು ಫೋನಿಗೆ ಇಳಿಸಿ ಇಂಜಿನಿಯರಿಗೆ ಕಳಿಸಿದಳು. ಎರಡು ನಿಮಿಷದಲ್ಲಿ ಅವರ ಕರೆ ಬಂತು.

"ಏನಮ್ಮಾ ಇದು? ಎಲ್ಲಾ ಅಲುಗಾಡಿದೆ. ಒಂದು ಗೆರೆ ಎರಡಾಗಿ ಕಾಣ್ತಿದೆ, ಬಿರುಕು ಮೂರಾಗಿ ಕಾಣ್ತಿದೆ."

"ಸಾರ್, ಬಿರುಕು ದೊಡ್ಡದಾಗಿದೆ. ನಾನು ಕಣ್ಣಾರೆ ನೋಡಿದೆ. ಒಳಗಡೆ ಸದ್ದು ಬರ್ತಿದೆ. ಪುಡಿ ಉದುರ್ತಿದೆ."

"ಎಷ್ಟು ದೊಡ್ಡದು?"

"ಗೊತ್ತಿಲ್ಲ ಸಾರ್. ನಿಂತು ನೋಡೋಕೆ ಆಗಲಿಲ್ಲ."

"ನಾನು ನಗರಸಭೆಯ ಅಧಿಕಾರಿಗೆ ಈಗಲೇ ಫೋನ್ ಮಾಡ್ತೀನಿ. ಆದ್ರೆ ಆ ಪುಣ್ಯಾತ್ಮ ಹೇಗೆ ಅಂತ ನಿಮಗೂ ಗೊತ್ತಲ್ಲ. ಹೋದವಾರದ್ದು, ಈ ವಾರದ್ದು, ಎರಡೂ ಪಕ್ಕಪಕ್ಕ ಇಟ್ಟು ಅಂಕಿ ಕಾಣಿಸಿದ್ರೆ ಮಾತ್ರ ಖಾಲಿ ಮಾಡಿ ಅಂತ ಹೇಳ್ತಾನೆ. ಅಲ್ಲೀತನಕ ಜನರನ್ನ ಹೊರಗೆ ಕಳಿಸೋಕೆ ಆಗುತ್ತಾ ನೋಡಿ. ನೀವು ಮತ್ತೆ ಒಳಗೆ ಹೋಗಿ ಅಂತ ನಾನು ಹೇಳಲ್ಲ, ತಿಳೀತಾ? ಹೇಳೋಕೆ ನನಗೆ ಬಾಯಿ ಬರಲ್ಲ."

ಅವಳು ಕಾರ್ಖಾನೆಯ ಮೆಟ್ಟಿಲು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ಈ ಭಾರವೂ ಆ ಕಂಬದ ಮೇಲೇ ಬೀಳುತ್ತಿದೆ ಅನ್ನಿಸಿ ಹಗುರಾಗಿ ಹೆಜ್ಜೆ ಇಡುತ್ತಿದ್ದಳು. ಉದ್ದನೆಯ ಹಾಲ್‌ನಲ್ಲಿ ನಲವತ್ತು ಹೆಂಗಸರು ತಲೆ ಬಗ್ಗಿಸಿ ಹೊಲಿಯುತ್ತಿದ್ದರು. ಗಾಜಿನ ಗೂಡಿನಂಥ ಕೋಣೆಯಿಂದ ಮ್ಯಾನೇಜರು ಹೊರಬಂದ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ, ಸದಾ ನಿದ್ದೆಗೆಟ್ಟ ಮುಖದ ಮನುಷ್ಯ.

"ಎಲ್ಲರೂ ಕೆಳಗೆ ಇಳೀಬೇಕು ಸಾರ್. ಕಂಬ ಬಿರುಕು ಬಿಡ್ತಿದೆ."

"ಯಾರು ಹೇಳಿದ್ದು?"

"ನಾನೇ ನೋಡಿದೆ."

"ಫೋಟೋ ತೋರಿಸಿ."

ತೋರಿಸಿದಳು. ಅವನು ಫೋನನ್ನು ಹತ್ತಿರ ಹಿಡಿದ, ದೂರ ಹಿಡಿದ, ತಿರುಗಿಸಿದ. "ಇದರಲ್ಲಿ ಕಂಬ ಎಲ್ಲಿದೆ, ಮೇಡಂ? ಹೊಗೆ ಫೋಟೋ ತೆಗೆದ ಹಾಗಿದೆ."

ಹತ್ತಿರ ಕೂತಿದ್ದ ಇಬ್ಬರು ನಕ್ಕರು. ಮ್ಯಾನೇಜರು ನಗಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದ, "ನೋಡಿ, ಹೋದ ತಿಂಗಳು ಯಾರೋ ಬೆಂಕಿ ಅಂತ ಕೂಗಿ ಎಲ್ಲರನ್ನೂ ಇಳಿಸಿದ್ರು. ಬೆಂಕಿ ಇರಲಿಲ್ಲ. ಮಾಲೀಕರು ನನ್ನ ಚರ್ಮ ಸುಲಿದ್ರು. ಒಂದು ಕಾಗದ ತನ್ನಿ, ಮೇಲಿನವರ ಒಂದು ಮಾತು ತನ್ನಿ, ಒಂದು ನೆಟ್ಟಗಿನ ಫೋಟೋ ತನ್ನಿ. ಮೊದಲು ನಾನೇ ಇಳೀತೀನಿ."

ಅವಳು ಹೆಂಗಸರ ಕಡೆ ತಿರುಗಿ ಕೂಗಬೇಕೆಂದುಕೊಂಡಳು. "ದಯವಿಟ್ಟು..." ಎಂದದ್ದು ಯಂತ್ರಗಳ ಸದ್ದಿನಲ್ಲಿ ಅವಳಿಗೇ ಕೇಳಿಸಲಿಲ್ಲ. ಕೆಲವರು ತಲೆಯೆತ್ತಿ ಅವಳನ್ನು ನೋಡಿ, ಆಮೇಲೆ ಮ್ಯಾನೇಜರನ್ನು ನೋಡಿ, ಮತ್ತೆ ಬಟ್ಟೆಗೆ ಬಗ್ಗಿದರು.

ನಾದಿನಿ ಮಾತ್ರ ಎದ್ದು ಬಂದಳು. ಅತ್ತಿಗೆಯ ಮೊಣಕಾಲಿನ ರಕ್ತ ನೋಡಿದಳು, ಮುಖ ನೋಡಿದಳು, ಕೈ ಹಿಡಿದು ಬಚ್ಚಲ ಕಡೆಯ ಓಣಿಗೆ ಎಳೆದೊಯ್ದಳು. ಮುಚ್ಚದ ತಗಡಿನ ಬಾಗಿಲು ಅಲ್ಲಿ ವಾಲಿಕೊಂಡಿತ್ತು.

"ನಿಜವಾಗಲೂ ಬೀಳುತ್ತಾ, ಅತ್ತಿಗೆ?"

"ಗೊತ್ತಿಲ್ಲ. ನನಗೆ ಹೆದರಿಕೆ ಆಗ್ತಿದೆ, ಅಷ್ಟೇ ಗೊತ್ತು. ಆದ್ರೆ ನನಗೆ ಎಲ್ಲದಕ್ಕೂ ಹೆದರಿಕೆ ಆಗುತ್ತಲ್ಲ. ಅದನ್ನ ನಂಬೋದು ಹೇಗೆ?"

"ನೀವು ಹಲ್ಲಿ ನೋಡಿ ಕಿರುಚ್ತೀರ," ಎಂದಳು ನಾದಿನಿ. "ಇವತ್ತು ಕಿರುಚ್ತಿಲ್ಲ. ನನಗೆ ಅದೇ ಭಯ."

"ನೀನು ಹೊರಗೆ ಹೋಗು. ಈಗಲೇ."

"ಇವರನ್ನೆಲ್ಲ ಬಿಟ್ಟಾ? ನನ್ನ ಪಕ್ಕದ ಮಿಷನ್ನಿನವಳಿಗೆ ಏಳು ತಿಂಗಳು." ನಾದಿನಿ ತಲೆಯಾಡಿಸಿದಳು. "ಫೋಟೋ ಯಾಕೆ ಅಲುಗಾಡಿತು? ನಿಮ್ಮ ಕೈ ಅಲುಗಾಡಿದ್ದನ್ನ ನಾನು ನೋಡೇ ಇಲ್ಲ."

ಬಿರುಕಮ್ಮ ಯೋಚಿಸಿದಳು. ಯಾರಾದರೂ ಕೆಲಸದ ಬಗ್ಗೆ ಕೇಳಿದರೆ ಅವಳ ತಲೆ ಒಂದಿಷ್ಟು ನೆಟ್ಟಗಾಗುತ್ತಿತ್ತು. ಒಂದು ಕೈಯಲ್ಲಿ ಟಾರ್ಚು ಹಿಡಿದದ್ದು ತಪ್ಪು. ಬೆಳಕು ಕಡಿಮೆ ಇದ್ದಾಗ ಕ್ಯಾಮರಾದ ಕಣ್ಣು ಹೆಚ್ಚು ಹೊತ್ತು ತೆರೆದಿರುತ್ತದೆ. ಆ ಹೊತ್ತಿನಲ್ಲಿ ಮೈ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕದಡುತ್ತದೆ. ನಿಂತು ತೆಗೆದದ್ದೂ ತಪ್ಪು, ಅವಳ ಕಾಲುಗಳು ಓಡಲು ತಯಾರಾಗಿ ನಿಂತಿದ್ದವು. ಗೋಡೆಗೆ ಒರಗಬಹುದಿತ್ತು, ಆದರೆ ಯಂತ್ರಗಳ ನಡುಕಕ್ಕೆ ಗೋಡೆಯೇ ಸಣ್ಣಗೆ ಅದುರುತ್ತಿತ್ತು.

"ಕೂತ್ಕೊಂಡು ತೆಗೀಬೇಕು," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. ಹೇಳಿದ ಮೇಲೆ ಆ ಮಾತಿನ ಅರ್ಥ ಅವಳಿಗೆ ಹೊಳೆಯಿತು. ಆ ಸಂದಿನಲ್ಲಿ, ಆ ಕಂಬದ ಬುಡದಲ್ಲಿ, ನೆಲಕ್ಕೆ ಕೂತರೆ ಎದ್ದು ಓಡಲಾಗುವುದಿಲ್ಲ. "ಮತ್ತೆ ಮಿಷನ್ನುಗಳು ನಿಲ್ಲಬೇಕು. ಒಂದು ಮೂರು ನಿಮಿಷ."

ನಾದಿನಿ ಓಣಿಯ ಕೊನೆಗೆ ಕಣ್ಣು ಹಾಯಿಸಿದಳು. ಅಲ್ಲಿ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡೀ ಕಟ್ಟಡದ ಕರೆಂಟಿನ ದೊಡ್ಡ ಸ್ವಿಚ್ಚಿತ್ತು. "ಹನ್ನೊಂದಕ್ಕೆ ಸರಿಯಾಗಿ ಎಳೀತೀನಿ. ಮ್ಯಾನೇಜರ್ ಬಂದು ಬೈಯೋ ಹೊತ್ತಿಗೆ ಮೂರು ನಿಮಿಷ ಆಗುತ್ತೆ. ಅವರು ಬೈಯೋಕೆ ಶುರು ಮಾಡಿದ್ರೆ ಇನ್ನೊಂದು ಮೂರು ನಿಮಿಷ." ನಗಲು ನೋಡಿದಳು, ಆಗಲಿಲ್ಲ. "ಅತ್ತಿಗೆ, ಟಾರ್ಚು ಹಿಡಿಯೋಕೆ ನಾನು ಬರಲಾ? ಸ್ವಿಚ್ಚಿಗೆ ಬೇರೆ ಯಾರಿಗಾದ್ರೂ ಹೇಳ್ತೀನಿ."

"ಅಲ್ಲಿ ಇಬ್ಬರಿಗೆ ಜಾಗ ಇಲ್ಲ," ಎಂದಳು ಬಿರುಕಮ್ಮ. ಅದು ನಿಜವೂ ಆಗಿತ್ತು.

ಗಡಿಯಾರದಲ್ಲಿ ಹನ್ನೊಂದಕ್ಕೆ ಎಂಟು ನಿಮಿಷವಿತ್ತು. ನೆಲಮಾಳಿಗೆಯ ಬಾಗಿಲಲ್ಲಿ ನಿಂತಾಗ ಅವಳ ಕಾಲು ಹೊಸ್ತಿಲು ದಾಟಲು ಒಪ್ಪಲಿಲ್ಲ. ನಾಚಿಕೆಯಾಗುವಷ್ಟು ಹೊತ್ತು ಅವಳು ಅಲ್ಲೇ ನಿಂತಳು. ವಾಪಸು ಹೋಗಲು ಕಾರಣಗಳು ಒಂದರ ಹಿಂದೊಂದು ಸಾಲುಗಟ್ಟಿ ಬಂದವು. ಇಂಜಿನಿಯರೇ ಬೇಡ ಎಂದಿದ್ದಾರೆ. ಇದು ಅವಳ ಜವಾಬ್ದಾರಿಯಲ್ಲ. ಮನೆಯಲ್ಲಿ ಗಂಡನಿದ್ದಾನೆ, ಓದುವ ಮಗಳಿದ್ದಾಳೆ. ಪ್ರತಿ ಕಾರಣವೂ ಸರಿಯಾಗಿತ್ತು. ಬೇರೆ ಯಾರಾದರೂ ಬಂದು ಕೈಯಿಂದ ಕ್ಯಾಮರಾ ಇಸಿದುಕೊಂಡಿದ್ದರೆ ಅವರ ಕಾಲಿಗೆ ಬೀಳುತ್ತಿದ್ದಳು. ಯಾರೂ ಬರಲಿಲ್ಲ. ಮೇಲಿನಿಂದ ಯಾರೋ ಒಬ್ಬಳು ಗಟ್ಟಿಯಾಗಿ ಕೆಮ್ಮಿದ್ದು ಕೇಳಿಸಿತು, ಅಷ್ಟೇ. ಮೆಟ್ಟಿಲು ಇಳಿದಳು.

ಸಂದಿಗೆ ತೂರಿ, ಟಾರ್ಚನ್ನು ಟ್ಯಾಂಕಿನ ಪೈಪಿನ ಮೇಲೆ ಓರೆಯಾಗಿ ಇಟ್ಟಳು. ಬೆಳಕು ಪಕ್ಕದಿಂದ ಸವರಿಕೊಂಡು ಹೋದರೆ ಪಟ್ಟಿ ಹೊಳೆಯುವುದಿಲ್ಲ, ಬಿರುಕಿನ ಆಳ ಕರಿಗೆರೆಯಾಗಿ ಕಾಣುತ್ತದೆ. ಪಟ್ಟಿ ಇದ್ದ ಜಾಗದಲ್ಲೇ ಇತ್ತು. ಅದರ ಕೆಳಗೆ, ನೆಲದ ಮೇಲೆ, ಒಂದು ಹಿಡಿಯಷ್ಟು ಪುಡಿ. ಅರ್ಧ ಗಂಟೆಯ ಕೆಳಗೆ ಅದು ಇರಲಿಲ್ಲ.

ಕೂತಳು. ನೆಲ ತಣ್ಣಗೆ, ತೇವವಾಗಿತ್ತು. ಬೆನ್ನು ಟ್ಯಾಂಕಿಗೆ ತಾಗಿತು, ಪಾದಗಳು ಕಂಬದ ಬುಡಕ್ಕೆ ತಾಗಿದವು. ಎರಡೂ ಮೊಣಕಾಲು ಎತ್ತಿ, ಮೊಣಕೈಗಳನ್ನು ಅವುಗಳ ಒಳಬದಿಯ ಮಾಂಸಕ್ಕೆ ಒತ್ತಿಟ್ಟಳು. ಮೂಳೆಯ ಮೇಲೆ ಮೂಳೆ ಇಟ್ಟರೆ ಜಾರುತ್ತದೆ. ತರಚಿದ ಮೊಣಕಾಲು ಉರಿಯಿತು. ಕ್ಯಾಮರಾದ ಬೆಲ್ಟನ್ನು ಕತ್ತಿನಿಂದ ಬಿಗಿಯಾಗಿ ಎಳೆದು, ಕಣ್ಣಿಗೆ ಒತ್ತಿಕೊಂಡು ಕಾದಳು.

ಹನ್ನೊಂದು ಗಂಟೆಗೆ ಬಲ್ಬು ಆರಿತು. ಮೇಲಿನ ಜೇನುಗೂಡು ಒಮ್ಮೆಗೇ ಸತ್ತುಹೋಯಿತು.

ಅವಳು ಎಣಿಸಿರದ ಸಂಗತಿ ಒಂದೇ ಒಂದು. ಆ ಸದ್ದು ನಿಂತ ಮೇಲೆ ಕಂಬದ ಸದ್ದು ಕೇಳಿಸತೊಡಗಿತು. ಟಕ್ ಎನ್ನುವುದು ಆಗೊಮ್ಮೆ ಈಗೊಮ್ಮೆ ಅಲ್ಲ, ಒಂದೇ ಸಮ ನಡೆದಿತ್ತು. ಒಣಗಿದ ಕಡ್ಡಿಗಳನ್ನು ಯಾರೋ ಸಾವಕಾಶವಾಗಿ ಒಂದೊಂದಾಗಿ ಮುರಿಯುತ್ತಿರುವಂತೆ. ನಡುನಡುವೆ ಮರಳು ಸೋರುವ ಸರಸರ. ಅವಳ ತಲೆಗೂದಲಿನಲ್ಲಿ, ಹುಬ್ಬಿನ ಮೇಲೆ, ತುಟಿಯ ಮೇಲೆ ಪುಡಿ ಬೀಳುತ್ತಿತ್ತು. ಇಷ್ಟು ಹೊತ್ತೂ ಇದೆಲ್ಲ ನಡೆಯುತ್ತಲೇ ಇತ್ತು, ಯಂತ್ರಗಳ ಗದ್ದಲ ಅದನ್ನು ಮುಚ್ಚಿಟ್ಟಿತ್ತು. ಅವಳಿಗೆ ಕೂಗಿಬಿಡಬೇಕು ಅನ್ನಿಸಿತು. ಬಾಯಿ ತೆರೆದರೆ ಪುಡಿ ಒಳಹೋಗಿ ಕೆಮ್ಮು ಬಂತು. ಕೆಮ್ಮಿನ ಜೊತೆ ಕ್ಯಾಮರಾ ಕುಣಿಯಿತು.

ಒಂದು ನಿಮಿಷ ಹೋಯಿತು.

ಕ್ಯಾಮರಾದ ಕಿಂಡಿಯಲ್ಲಿ ಬಿರುಕು ಎಗರುತ್ತಿತ್ತು. ಎಡಕ್ಕೊಮ್ಮೆ, ಮೇಲಕ್ಕೊಮ್ಮೆ. ಅದು ತನ್ನದೇ ಎದೆಬಡಿತ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಎದೆ ಬಡಿದಾಗಲೆಲ್ಲ ಕೈ ಜಿಗಿಯುತ್ತಿತ್ತು, ಕೈ ಜಿಗಿದಾಗ ಗೆರೆ ಜಿಗಿಯುತ್ತಿತ್ತು. ಉಸಿರು ಕೊರಳಿನಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಅರ್ಧ ಬಿಡಲು ಮೊದಲು ತುಂಬಿಕೊಂಡಿರಬೇಕಲ್ಲ, ಅವಳ ಹತ್ತಿರ ಬಿಡಲು ಏನೂ ಇರಲಿಲ್ಲ.

ಹೊಟ್ಟೆಯಿಂದ ಎಳೆದುಕೊಂಡಳು. ಅರ್ಧಕ್ಕೇ ತುಂಡಾಯಿತು. ಬಾಯಿಂದ ಸಣ್ಣಗೆ, ಬಿಸಿ ಲೋಟಕ್ಕೆ ಊದುವಂತೆ, ಹೊರಗೆ ಬಿಟ್ಟಳು. ಮತ್ತೆ ಎಳೆದುಕೊಂಡಳು. ಈ ಸಲ ಪಕ್ಕೆಗಳವರೆಗೆ ಹೋಯಿತು. ಮೂರನೆಯ ಸಲ ಬೆನ್ನು ಟ್ಯಾಂಕಿಗೆ ಒತ್ತಿದ್ದು ಗೊತ್ತಾಯಿತು, ಭುಜ ಒಂದು ಬೆರಳಿನಷ್ಟು ಕೆಳಗಿಳಿಯಿತು. ಭಯ ಹೋಗಲಿಲ್ಲ. ಒಂಚೂರೂ ಹೋಗಲಿಲ್ಲ. ಅದು ಅವಳ ಪಕ್ಕದಲ್ಲೇ, ಅವಳ ಜೊತೆಯಲ್ಲೇ ಕೂತಿತ್ತು. ಆದರೆ ಕೈಗಳು ಬೇರೆ ಯಾರದೋ ಮಾತು ಕೇಳುತ್ತಿರುವಂತೆ ಮೆಲ್ಲಗೆ ಸ್ಥಿರವಾದವು. ಬಿರುಕಿನ ಜಿಗಿತ ಚಿಕ್ಕದಾಯಿತು. ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವೆ ಕಿರಿದಾದ ಒಂದು ನಿಶ್ಚಲ ಜಾಗ ಕಂಡಿತು.

ನಾಲ್ಕನೆಯ ಉಸಿರನ್ನು ಅರ್ಧ ಬಿಟ್ಟಳು. ಅಲ್ಲೇ ತಡೆದಳು. ಒಂದು ಬಡಿತ ಹೋಗಲು ಬಿಟ್ಟಳು. ಹಿಂಡಿದಳು. ಬೆರಳು ಎತ್ತದೆ ಎರಡನೆಯ ಫೋಟೋ, ಮೂರನೆಯದು. ಮೊದಲನೆಯದರಲ್ಲಿ ಬೆರಳಿನ ಒತ್ತಡ ಸೇರುತ್ತದೆ, ಕೊನೆಯದರಲ್ಲಿ ಆತುರ ಸೇರುತ್ತದೆ, ನಡುವಿನದು ಹೆಚ್ಚಾಗಿ ಚೆನ್ನಾಗಿರುತ್ತದೆ. ಅಲ್ಲೇ ಕೂತು ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಎದ್ದು ಓಡಿ ಹೊರಗೆ ಹೋಗಿ ನೋಡಿದರೆ, ಮತ್ತೆ ಅಲುಗಾಡಿದ್ದರೆ, ಮೂರನೆಯ ಸಲ ಇಳಿಯುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

ನಡುವಿನದರಲ್ಲಿ ಪಟ್ಟಿಯ ಪ್ರತಿ ಗೆರೆಯೂ, ಗೆರೆಯ ಪಕ್ಕದ ಪ್ರತಿ ಅಂಕಿಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಬಿರುಕು ಪಟ್ಟಿಯ ಕೊನೆಯ ಗೆರೆಗಿಂತ ದಪ್ಪವಾಗಿತ್ತು.

ಅಷ್ಟರಲ್ಲಿ ಬಲ್ಬು ಹತ್ತಿತು. ಯಂತ್ರಗಳು ಮತ್ತೆ ಗುಂಯ್‌ಗುಟ್ಟಿದವು. ಅವಳು ಎದ್ದಳು. ಕಾಲು ಜೋಮು ಹಿಡಿದಿದ್ದರಿಂದ ಮೊದಲ ಸಲ ಹಾಗೇ ಕುಸಿದು ಕೂತಳು. ಎರಡನೆಯ ಸಲ ಟ್ಯಾಂಕು ಹಿಡಿದು ಎದ್ದು, ಸಂದಿಯಿಂದ ತೂರಿ, ಟಾರ್ಚನ್ನು ಅಲ್ಲೇ ಬಿಟ್ಟು ಹೊರಬಂದಳು.

ಇಂಜಿನಿಯರು ಫೋಟೋ ನೋಡಿ ಒಂದೇ ಮಾತು ಹೇಳಿದರು: "ನೀವು ಕಟ್ಟಡದಿಂದ ದೂರ ನಿಲ್ಲಿ." ಹತ್ತು ನಿಮಿಷದಲ್ಲಿ ನಗರಸಭೆಯ ಅಧಿಕಾರಿಯೇ ಮ್ಯಾನೇಜರಿಗೆ ಫೋನ್ ಮಾಡಿದ. ಮ್ಯಾನೇಜರು ಫೋನ್ ಕಿವಿಗಿಟ್ಟುಕೊಂಡೇ ಎದ್ದು ನಿಂತನಂತೆ. ಇದನ್ನು ನಾದಿನಿ ಆಮೇಲೆ ಹೇಳಿದ್ದು. ಕೊಟ್ಟ ಮಾತು ತಪ್ಪಿ ಮೊದಲು ಇಳಿಯಲಿಲ್ಲ, ಕೊನೆಯವನಾಗಿ ಇಳಿದ. ಗೋದಾಮಿನವರು, ಕತ್ತರಿಸುವವರು, ಇಸ್ತ್ರಿಯವರು, ಹೊಲಿಯುವವರು, ಎಲ್ಲರೂ ರಸ್ತೆಯಾಚೆ ಮುಚ್ಚಿದ ಅಂಗಡಿಗಳ ನೆರಳಿನಲ್ಲಿ ಸೇರಿದರು. ಅವನು ಹೆಸರು ಕೂಗಿ ಕೂಗಿ ಎಣಿಸಿದ. ಎಲ್ಲರೂ ಇದ್ದರು.

ಆಮೇಲೆ ಏನೂ ಆಗಲಿಲ್ಲ.

ಹನ್ನೆರಡಾಯಿತು. ಕಟ್ಟಡ ತನ್ನ ಪಾಡಿಗೆ ತಾನು ಬಿಸಿಲು ಕಾಯಿಸಿಕೊಂಡು ನಿಂತಿತ್ತು. ಕಿಟಕಿಯಲ್ಲಿ ಯಾರದೋ ದುಪಟ್ಟಾ ತೂಗುತ್ತಿತ್ತು. ಹನ್ನೆರಡೂವರೆಗೆ ಹೆಂಗಸರಲ್ಲಿ ಗುಸುಗುಸು ಶುರುವಾಯಿತು. ಒಬ್ಬಳು ಚಪ್ಪಲಿ ಮೇಲೇ ಬಿಟ್ಟು ಬಂದಿದ್ದಳು, ಕಾದ ನೆಲದ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತಿದ್ದಳು. ಇನ್ನೊಬ್ಬಳ ಊಟದ ಡಬ್ಬಿ ಒಳಗಿತ್ತು. "ಯಾರಿಗೋ ಕೈ ನಡುಗಿದ್ದಕ್ಕೆ ನಮಗೆ ಉಪವಾಸ," ಎಂದು ಯಾರೋ ಅಂದರು. ಮ್ಯಾನೇಜರು ಎರಡು ಸಲ ಗೇಟಿನವರೆಗೆ ಹೋಗಿ ವಾಪಸು ಬಂದ.

ಬಿರುಕಮ್ಮ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಫೋಟೋವನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಈಗ ಅವಳನ್ನು ಹಿಡಿದದ್ದು ಬೇರೆಯೇ ಹೆದರಿಕೆ. ಪಟ್ಟಿ ವಾಲಿತ್ತೇ? ಟಾರ್ಚಿನ ಓರೆ ಬೆಳಕಿಗೆ ನೆರಳು ಬಿದ್ದು ಬಿರುಕು ದಪ್ಪ ಕಂಡಿತೇ? ಬೀಳದಿದ್ದರೆ? ಎಪ್ಪತ್ತು ಜನರ ದಿನ ಹಾಳು ಮಾಡಿದವಳು, ಸ್ವಿಚ್ಚು ಎಳೆದ ನಾದಿನಿಯ ಕೆಲಸ ಕಳೆದವಳು ಆಗುತ್ತೇನೆ. ಬಿದ್ದರೆ? ಬೀಳಲಿ ಎಂದು ತಾನು ಬಯಸುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡು, ಉತ್ತರಕ್ಕೆ ಹೆದರಿ ಫೋನನ್ನು ಮಗುಚಿಟ್ಟಳು.

"ನೀರು ಕುಡೀರಿ," ಎಂದು ನಾದಿನಿ ಪಕ್ಕದಲ್ಲಿ ಬಂದು ಕೂತಳು.

ಒಂದು ಗಂಟೆ ಹತ್ತು ನಿಮಿಷಕ್ಕೆ ಒದ್ದೆ ಬಟ್ಟೆ ಹರಿದಂಥ ಸದ್ದು ಕೇಳಿಸಿತು. ದೊಡ್ಡ ಸದ್ದೇನಲ್ಲ. ಎಲ್ಲರೂ ತಿರುಗಿ ನೋಡಿದರು. ನೆಲಮಾಳಿಗೆಯ ಗಾಳಿಕಿಂಡಿಗಳಿಂದ ಧೂಳು ಉಗಿದಂತೆ ನುಗ್ಗಿ ಬಂತು. ಆಮೇಲೆ ಎರಡನೆಯ ಮಹಡಿಯ ಕಿಟಕಿಗಳ ಗಾಜು ಮೂಲೆಯಿಂದ ಶುರುವಾಗಿ ಒಂದೊಂದಾಗಿ ಸಿಡಿದವು. ಕಟ್ಟಡದ ಎಡಮೂಲೆ ದಣಿದ ಮನುಷ್ಯ ಭುಜ ಇಳಿಸಿದ ಹಾಗೆ ಕೆಳಗೆ ಕೂತಿತು. ಅದರ ಹಿಂದೆಯೇ ಗೋದಾಮಿನ ನೆಲ ಕುಸಿದು, ಬೇಲುಗಳು ಹೊಲಿಗೆ ಹಾಲ್‌ನೊಳಗೆ ಉರುಳಿದ ಸದ್ದು ಬಂತು. ದಢ್, ದಢ್, ದಢ್. ಅದು ಬಹಳ ಹೊತ್ತು ನಿಲ್ಲಲೇ ಇಲ್ಲ. ಕಟ್ಟಡ ಪೂರ್ತಿ ಬೀಳಲಿಲ್ಲ. ಅರ್ಧ ಬಿದ್ದು, ಅರ್ಧ ನಿಂತು, ಧೂಳಿನಲ್ಲಿ ಮರೆಯಾಯಿತು.

ಯಾರೂ ಕಿರುಚಲಿಲ್ಲ. ಏಳು ತಿಂಗಳ ಬಸುರಿ ಹೊಟ್ಟೆ ಹಿಡಿದುಕೊಂಡು ನಿಂತಲ್ಲೇ ನೆಲಕ್ಕೆ ಕೂತಳು, ನಾದಿನಿ ಓಡಿಹೋಗಿ ಅವಳನ್ನು ತಬ್ಬಿಕೊಂಡಳು. ಮ್ಯಾನೇಜರು ಬಿರುಕಮ್ಮನ ಎದುರು ಬಂದು ನಿಂತ. ಕಿವಿಯ ಪೆನ್ಸಿಲ್ ಇನ್ನೂ ಅಲ್ಲೇ ಇತ್ತು. "ನನ್ನ ಮೇಜು ಆ ಮೂಲೇಲೇ ಇತ್ತು," ಎಂದ. ಮತ್ತೆ, "ಆ ಮೂಲೇಲೇ, ಮೇಡಂ," ಎಂದು ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಬಿರುಕಮ್ಮನ ಕೈ ನಡುಗತೊಡಗಿದ್ದು ಆಗ. ಬೆರಳಿನಿಂದ ಶುರುವಾಗಿ ಮೊಣಕೈ, ಭುಜ, ದವಡೆ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ. ಹಲ್ಲುಗಳು ಕಟಕಟ ಎಂದು ಬಡಿದುಕೊಂಡವು, ಆ ಬಿಸಿಲಿನಲ್ಲಿ. ಸಂಜೆಯವರೆಗೂ ಅದು ನಿಲ್ಲಲಿಲ್ಲ. ಮನೆಯಲ್ಲಿ ಗಂಡ ಲೋಟ ಹಿಡಿದು ಕುಡಿಸಬೇಕಾಯಿತು. ಅಂದು ಅವನು ಒಂದೂ ತಮಾಷೆ ಮಾಡಲಿಲ್ಲ.

ಮರುದಿನ ನಗರಸಭೆಯ ಅಧಿಕಾರಿ ಆಫೀಸಿಗೇ ಬಂದ. ಕಟ್ಟುನಿಟ್ಟಿನ ಮನುಷ್ಯ ಎಂದು ಹೆಸರಾದವನು, ಕುರ್ಚಿಯ ತುದಿಯಲ್ಲಿ ಕೂತು ಟೋಪಿ ತಿರುವುತ್ತಿದ್ದ. ತನಿಖೆಗೆ ಒಳಗಿನ ಫೋಟೋ ಬೇಕು, ಮುರಿದ ಕಂಬದ್ದು ಹತ್ತಿರದಿಂದ ಬೇಕು, ನಿನ್ನೆ ತೆಗೆದವರೇ ತೆಗೆದರೆ ಒಳ್ಳೆಯದು ಎಂದ. ಇಂಜಿನಿಯರು ಅವಳ ಮುಖ ನೋಡಿದರು.

ಹಿಂದೆ ಯಾವತ್ತಾದರೂ ಆಗಿದ್ದರೆ ಅವಳು ಹೆದರುತ್ತಲೇ ಹೂಂ ಅನ್ನುತ್ತಿದ್ದಳು. ಅಧಿಕಾರಿಗೆ ಇಲ್ಲ ಅನ್ನುವುದಕ್ಕೂ ಅವಳಿಗೆ ಹೆದರಿಕೆಯೇ.

"ಒಳಗೆ ಹೋಗಲ್ಲ, ಸಾರ್," ಎಂದಳು. "ಯಾರನ್ನೂ ಕಳಿಸಬೇಡಿ. ಎದುರುಗಡೆ ಮನೆಯ ತಾರಸಿಯಿಂದ ಉದ್ದದ ಲೆನ್ಸ್ ಹಾಕಿ ತೆಗೆದುಕೊಡ್ತೀನಿ. ಅದರಲ್ಲಿ ಕಂಡಷ್ಟೇ ಕಾಣಲಿ."

ಅಧಿಕಾರಿ ಇಂಜಿನಿಯರ ಕಡೆ ನೋಡಿದ. ಇಂಜಿನಿಯರು ಕಿಟಕಿಯ ಕಡೆ ನೋಡಿದರು.

"ಆಯ್ತಮ್ಮ," ಎಂದ ಅಧಿಕಾರಿ, ಟೋಪಿ ತಲೆಗಿಟ್ಟುಕೊಳ್ಳುತ್ತಾ. "ತಾರಸಿಯವರ ಹತ್ತಿರ ನಾನು ಮಾತಾಡ್ತೀನಿ."